ಇವತ್ತಿನ ತಲೆಸುತ್ತು, ಯಾವತ್ತೋ ಬರುವ ಪಾರ್ಶ್ವವಾಯು

ರಕ್ತದೊತ್ತಡಕ್ಕೆ ಮಾತ್ರೆ ಬರೆದುಕೊಟ್ಟಿದ್ದೆ. ತಿಂಗಳ ನಂತರ ಬಂದವರು ಜೇಬಿನಿಂದ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. 30ರಲ್ಲಿ 19 ಹಾಗೇ ಉಳಿದಿದ್ದವು. ನಾನು ಕೇಳುವ ಮೊದಲೇ ಅವರೇ ಹೇಳಿದರು: "ಡಾಕ್ಟ್ರೇ, ಇದನ್ನ ತಗೊಂಡ್ರೆ ಇವತ್ತೇ ತಲೆ ಸುತ್ತುತ್ತೆ. ಪಾರ್ಶ್ವವಾಯು ಬರೋದು ಯಾವತ್ತೋ. ಬರದೇನೂ ಇರಬಹುದು."

ಆ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಇವತ್ತಿನ ತೊಂದರೆ ಖಚಿತ. ಮುಂದಿನ ಲಾಭ ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ. ಬಾರದೇ ಹೋದ ಕಾಯಿಲೆಯನ್ನು ಯಾರು ಕಂಡಿದ್ದಾರೆ? ಆದರೂ ಅದೇ ಮಾತ್ರೆಯನ್ನು ಇನ್ನೊಬ್ಬರು ಒಂದು ದಿನವೂ ತಪ್ಪಿಸದೆ ನುಂಗುತ್ತಾರೆ. ನಾಳೆಗೆ ಯಾರು ಎಷ್ಟು ಬೆಲೆ ಕೊಡುತ್ತಾರೆ ಎಂಬುದನ್ನು ಅಳೆಯಲು ಮನಶ್ಶಾಸ್ತ್ರಜ್ಞ ಅಲನ್ ಸ್ಟ್ರಾತ್‌ಮನ್ ಮತ್ತು ಸಂಗಡಿಗರು 1994ರಲ್ಲಿ 12 ಹೇಳಿಕೆಗಳ ಪ್ರಶ್ನಾವಳಿಯನ್ನೇ ರೂಪಿಸಿದರು. ಅದರಿಂದ ಉಪಯೋಗವಿದೆ. ಆದರೆ ಅಂಕ ಕಡಿಮೆ ಬಂದವರಿಗೆ ಮುಂದಾಲೋಚನೆ ಇಲ್ಲ ಎಂದು ಷರಾ ಬರೆದುಬಿಡುವ ಆತುರ ನಮ್ಮ ವೃತ್ತಿಯಲ್ಲಿದೆ. ನನಗೆ ಅದು ಅನ್ಯಾಯ ಅನಿಸುತ್ತದೆ.

ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡುವ ಸೆಲೆಸ್ಟ್ ಕಿಡ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೋಡಿ. 28 ಪುಟ್ಟ ಮಕ್ಕಳು. ಬಳಸಿ ಸವೆದ ಕ್ರೆಯಾನ್‌ಗಳನ್ನು ಮುಂದಿಟ್ಟು, ಸ್ವಲ್ಪ ಕಾದರೆ ಇನ್ನೂ ಒಳ್ಳೆಯದನ್ನು ತರುತ್ತೇವೆ ಎಂದರು. ಅರ್ಧ ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದವರ ಬಳಿಗೆ ಬರಿಗೈಯಲ್ಲಿ ಮರಳಿದರು. ಆಮೇಲೆ ಮಾರ್ಷ್‌ಮೆಲೋ ಎಂಬ ಮೆತ್ತನೆಯ ಸಿಹಿತಿಂಡಿ ಒಂದನ್ನು ಇಟ್ಟು, ತಿನ್ನದೆ ಕಾದರೆ ಎರಡು ಸಿಗುತ್ತದೆ ಎಂದರು. ಕೊಟ್ಟ ಮಾತು ಉಳಿದದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸಹೋದ ಮಕ್ಕಳು ಕಾದದ್ದು ಸುಮಾರು 3 ನಿಮಿಷ. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಸ್ವಭಾವ ನೋಡಿ ಆರಿಸಿರಲಿಲ್ಲ. ಕಾದು ಕಾದು ಕೈಗೆ ಏನೂ ಸಿಗದಿದ್ದವರು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ದೊಡ್ಡವರೂ ಅಷ್ಟೇ.

ಎಲ್ಲವೂ ನಂಬಿಕೆಯದ್ದೇ ಅಲ್ಲ, ಒಪ್ಪುತ್ತೇನೆ. ಸೋಮವಾರದಿಂದ ವ್ಯಾಯಾಮ ಶುರು ಎನ್ನುವವರು ಹೇಳುವಾಗ ನಿಜವಾಗಿಯೇ ಹೇಳುತ್ತಾರೆ. ಸೋಮವಾರ ಹತ್ತಿರ ಬಂದಂತೆ ಹಾಸಿಗೆಯ ಸುಖ ದೊಡ್ಡದಾಗುತ್ತದೆ, ತೂಕದ ಚಿಂತೆ ಇದ್ದಷ್ಟೇ ಇರುತ್ತದೆ.

ಅವತ್ತು ನಾನು ಉಪದೇಶ ಬಿಟ್ಟು, ಸ್ಟ್ರಿಪ್ ತಂದವರ ಕೆಲಸದ ಬಗ್ಗೆ ಕೇಳಿದೆ. ಮೊದಲ ಭೇಟಿಯಲ್ಲೇ ಕೇಳಬೇಕಿತ್ತು. ಗೋಡೆಗೆ ಬಣ್ಣ ಹೊಡೆಯುವವರು. ಬೆಳಿಗ್ಗೆ ಮಾತ್ರೆ ನುಂಗಿ ಏಣಿ ಹತ್ತುತ್ತಿದ್ದರು. ತಲೆಸುತ್ತು ಅವರಿಗೆ ಸಣ್ಣ ಕಿರಿಕಿರಿಯಾಗಿರಲಿಲ್ಲ, ಬಿದ್ದುಹೋಗುವ ಭಯವಾಗಿತ್ತು. ಕೂರಿಸಿ, ನಿಲ್ಲಿಸಿ ಒತ್ತಡ ನೋಡಿದೆ, ಮಾತ್ರೆ ಬದಲಿಸಿದೆ, ರಾತ್ರಿಗೆ ಹಾಕಿದೆ. ಹತ್ತು ವರ್ಷದ ಮೇಲೆ ಬರಬಹುದಾದ ಪಾರ್ಶ್ವವಾಯುವಿನ ಮಾತು ಎತ್ತಲಿಲ್ಲ. "ಎರಡು ವಾರ ಬಿಟ್ಟು ಬನ್ನಿ, ಎಷ್ಟು ಇಳಿದಿದೆ ನೋಡೋಣ" ಎಂದೆ.

ಬಂದರು. ಮೇಲಿನ ಅಳತೆ 164ರಿಂದ 146ಕ್ಕೆ ಇಳಿದಿತ್ತು. ನನ್ನ ಪೆನ್ನು ಕೇಳಿ ಪಡೆದು, ಆ ಸಂಖ್ಯೆಯನ್ನು ಚೀಟಿಯಲ್ಲಿ ತಾವೇ ಬರೆದುಕೊಂಡರು.