ಬಂಡೆ ಒಂದೇ, ಲೆಕ್ಕ ಬೇರೆ: ಪಶ್ಚಿಮ ಆಫ್ರಿಕಾದ ಮೂರು ನೆರೆದೇಶಗಳ ಚಿನ್ನ

ಘಾನಾ, ಮಾಲಿ, ಬುರ್ಕಿನಾ ಫಾಸೊ ಮೂರರ ಚಿನ್ನವೂ ಹೆಚ್ಚಾಗಿ ಸಿಗುವುದು ಸುಮಾರು 210 ಕೋಟಿ ವರ್ಷ ಹಳೆಯ ಬಿರಿಮಿಯನ್ ಶಿಲೆಗಳಲ್ಲಿ. ಆದರೂ ಮೂರರ ಉತ್ಪಾದನೆ ಒಂದೇ ಕಾಲಕ್ಕೆ ಏರಲಿಲ್ಲ. ಏರಿಳಿತಕ್ಕೆ ಕಾರಣ ಹುಡುಕುವವರು ನೆಲಕ್ಕಿಂತ ಮೊದಲು ಕಾನೂನು, ತೆರಿಗೆಗಳನ್ನು ನೋಡುವುದು ಒಳ್ಳೆಯದು.

ಘಾನಾದ ಒಬುವಾಸಿಯಲ್ಲಿ 1897ರಿಂದಲೇ ಕಂಪನಿ ಗಣಿಗಾರಿಕೆಯಿದೆ. ಆದರೆ 1980ರ ದಶಕದ ಆರಂಭದಲ್ಲಿ ಇಡೀ ದೇಶದ ಉತ್ಪಾದನೆ ವರ್ಷಕ್ಕೆ 10 ಟನ್‌ಗಿಂತ ಕೆಳಗಿಳಿದಿತ್ತು. ಮುಗಿದದ್ದು ಅದಿರಲ್ಲ, ಯಂತ್ರದ ಬಿಡಿಭಾಗ ತರಿಸಲು ಬೇಕಾದ ಡಾಲರ್. 1983ರ ಆರ್ಥಿಕ ಸುಧಾರಣೆ, 1986ರ ಗಣಿ ಕಾನೂನಿನ ಬಳಿಕ ಬಂಡವಾಳ ಬಂತು. 2000ದ ಹೊತ್ತಿಗೆ ಉತ್ಪಾದನೆ 70 ಟನ್ ದಾಟಿತು. ಮಾಲಿಯ ಏರಿಕೆ 1990ರ ದಶಕದ ಸಾದಿಯೋಲಾ ಗಣಿಯಿಂದ ಶುರುವಾಯಿತು. ಬುರ್ಕಿನಾದ ಸರದಿ ಇನ್ನೂ ತಡ: 2007ರಲ್ಲಿ ತಪಾರ್ಕೊ ಗಣಿ ತೆರೆಯಿತು, ಎರಡೇ ವರ್ಷದಲ್ಲಿ ರಫ್ತಿನಲ್ಲಿ ಚಿನ್ನ ಹತ್ತಿಯನ್ನು ಹಿಂದಿಕ್ಕಿತು.

ಹೊಸ ಗಣಿಗಳು ಹೀಗೆ ಬೇಗ ಏರಲು ಮೇಲ್ಪದರದ ಅದಿರು ಕಾರಣ. ಮಳೆನೀರಿಗೆ ಶಿಥಿಲವಾದ ಈ ಮೆತ್ತನೆಯ ಪದರವನ್ನು ಹೆಚ್ಚು ಸಿಡಿಮದ್ದಿಲ್ಲದೆ ಅಗೆಯಬಹುದು. ಸಯನೈಡ್ ದ್ರಾವಣ ಅದರೊಳಗಿನ ಚಿನ್ನದ ಬಹುಪಾಲನ್ನು ಕರಗಿಸುತ್ತದೆ. ಅದು ಮುಗಿದ ಮೇಲೆ ಸಿಗುವುದು ಗಂಧಕ ಬೆರೆತ ಗಟ್ಟಿ ಸಲ್ಫೈಡ್ ಅದಿರು. ಕೆಲವು ಗಣಿಗಳಲ್ಲಿ ಚಿನ್ನದ ಕಣಗಳು ಪೈರೈಟ್, ಆರ್ಸೆನೊಪೈರೈಟ್ ಎಂಬ ಸಲ್ಫೈಡ್ ಹರಳುಗಳೊಳಗೆ ಸಿಕ್ಕಿಕೊಂಡಿರುವುದರಿಂದ ಸಯನೈಡ್ ಸರಿಯಾಗಿ ತಲುಪುವುದಿಲ್ಲ. ಅಂಥ ಅದಿರನ್ನು ಮೊದಲು ಹುರಿಯಬೇಕು (ಮಾಲಿಯ ಸ್ಯಾಮಾದಲ್ಲಿ ಹಾಗೆ), ಇಲ್ಲವೇ ಬ್ಯಾಕ್ಟೀರಿಯಾಗಳಿಂದ ಒಡೆಸಬೇಕು (ಒಬುವಾಸಿಯಲ್ಲಿ 1994ರಿಂದ ಹೀಗೆ). ಎರಡಕ್ಕೂ ಬಂಡವಾಳ, ವಿದ್ಯುತ್ ಹೆಚ್ಚು ಬೇಕು. ಆ ಹಣ ಹೂಡುವ ತನಕ ಉತ್ಪಾದನೆ ಕುಸಿಯುತ್ತದೆ.

ಇನ್ನು ಅಂಕಿಯ ಗೊಂದಲ. ಕೆಲವು ವರದಿ ಔನ್ಸ್‌ನಲ್ಲಿರುತ್ತವೆ. 10 ಲಕ್ಷ ಟ್ರಾಯ್ ಔನ್ಸ್ ಎಂದರೆ 31.1 ಟನ್. ಕೆಲವು ದೊಡ್ಡ ಗಣಿಗಳನ್ನಷ್ಟೇ ಲೆಕ್ಕಹಾಕುತ್ತವೆ, ಕೆಲವು ಕೈಗಣಿಗಾರರ ಚಿನ್ನವನ್ನೂ ಸೇರಿಸುತ್ತವೆ. ಕೈಗಣಿಗಾರರ ಅಂಕಿಯನ್ನು ನಂಬುವುದು ಕಷ್ಟ. 2019ರಲ್ಲಿ ಘಾನಾ ಸಣ್ಣ ಗಣಿಗಾರರ ಚಿನ್ನದ ಮೇಲೆ ಶೇ 3 ತೆರಿಗೆ ಮುರಿದುಕೊಳ್ಳತೊಡಗಿತು. ದೇಶದ ಅಧಿಕೃತ ಉತ್ಪಾದನೆ 2020ರ ಸುಮಾರು 125 ಟನ್‌ನಿಂದ 2021ರಲ್ಲಿ 88ಕ್ಕೆ ಇಳಿಯಿತು. ಒಬುವಾಸಿಯಲ್ಲಿ ಅಪಘಾತದಿಂದ ಕೆಲಸ ನಿಂತದ್ದೂ ಇದಕ್ಕೆ ಸೇರಿತ್ತು, ಆದರೆ ಹೆಚ್ಚಿನ ಪಾಲು ಸಣ್ಣ ಗಣಿಗಳದು. ಅಗೆತ ನಿಂತಿರಲಿಲ್ಲ, ಚಿನ್ನ ಕಳ್ಳದಾರಿ ಹಿಡಿದಿತ್ತು. 2022ರಲ್ಲಿ ತೆರಿಗೆ ಶೇ 1.5ಕ್ಕೆ ಇಳಿಯಿತು, ಅಂಕಿ ಮತ್ತೆ ಏರಿತು.

ಮಾಲಿಯ ಇತ್ತೀಚಿನ ಇಳಿಕೆ ಮಾತ್ರ ಕಾಗದದ್ದಲ್ಲ. 2023ರ ಗಣಿ ಕಾನೂನು ಸರ್ಕಾರದ ಪಾಲು ಹೆಚ್ಚಿಸಿತು, ದೇಶದ ಅತಿದೊಡ್ಡ ಗಣಿ ಲೂಲೊ-ಗೌಂಕೊಟೊ ನಡೆಸುವ ಕಂಪನಿಯೊಂದಿಗೆ ಜಟಾಪಟಿ ನಡೆಯಿತು, 2025ರ ಜನವರಿಯಲ್ಲಿ ಅಲ್ಲಿ ಕೆಲಸವೇ ನಿಂತಿತು.