ಬೆಂಗಳೂರು ಗ್ರಾಮಾಂತರ: ಹಾಗಂದರೆ ಯಾವ ಊರು?

ಬೆಂಗಳೂರಿಗೆ ಬರುವ ವಿಮಾನಗಳು ಇಳಿಯುವ ಕೆಂಪೇಗೌಡ ನಿಲ್ದಾಣ ಬೆಂಗಳೂರು ನಗರ ಜಿಲ್ಲೆಯಲ್ಲಿಲ್ಲ. ಅದಿರುವುದು ದೇವನಹಳ್ಳಿ ತಾಲೂಕಿನಲ್ಲಿ, ಅಂದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ.

1986ರವರೆಗೆ ಬೆಂಗಳೂರು ಒಂದೇ ಜಿಲ್ಲೆ. ಆ ವರ್ಷ ನಗರವನ್ನೂ ಅದಕ್ಕೆ ಅಂಟಿಕೊಂಡ ಭಾಗವನ್ನೂ ಬೇರೆ ಮಾಡಿ, ಮಿಕ್ಕ ಎಂಟು ತಾಲೂಕುಗಳನ್ನು ಗ್ರಾಮಾಂತರ ಎಂದರು. ನಗರಕ್ಕೆ ಸೇರದೆ ಉಳಿದದ್ದೆಲ್ಲ ಇದು, ಅಷ್ಟೇ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆಯಾಯಿತು. ಈಗ ಉಳಿದಿರುವುದು ನಾಲ್ಕು: ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ. ನಕಾಶೆಯಲ್ಲಿ ನಗರದ ಪಶ್ಚಿಮದಿಂದ ಪೂರ್ವಕ್ಕೆ, ಉತ್ತರದ ಮೇಲೆ ಕುಡುಗೋಲಿನ ಹಾಗೆ ಬಾಗಿವೆ.

ತಮಾಷೆ ಏನು ಗೊತ್ತಾ? 'ಬೆಂಗಳೂರು ಗ್ರಾಮಾಂತರ' ಅನ್ನೋ ಲೋಕಸಭಾ ಕ್ಷೇತ್ರದಲ್ಲಿ ಈ ನಾಲ್ಕು ತಾಲೂಕುಗಳ ಹೆಸರಿನ ಒಂದು ವಿಧಾನಸಭಾ ಕ್ಷೇತ್ರವೂ ಇಲ್ಲ. ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿವೆ. ಗ್ರಾಮಾಂತರದ ಸಂಸದರನ್ನು ಆರಿಸುವವರು ಕನಕಪುರ, ಮಾಗಡಿ, ಆನೇಕಲ್, ತುಮಕೂರು ಜಿಲ್ಲೆಯ ಕುಣಿಗಲ್ ಕಡೆಯವರು. ಚುನಾವಣೆ ಸುದ್ದಿ ಓದುವಾಗ ಗೊಂದಲ ಆಗುವುದು ಸಹಜ, ಅಲ್ವಾ?

ಇಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿ ಇಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ಹಾದು, ಮುಂದೆ ಕಾವೇರಿ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆ ಕಡೆಯಿಂದ ತಮಿಳುನಾಡಿಗೆ ಹೋಗುತ್ತದೆ. ಹಾಗಾಗಿ ಜನ ನೆಚ್ಚಿಕೊಂಡದ್ದು ಕೆರೆಯನ್ನು, ಆಮೇಲೆ ಬೋರ್‌ವೆಲ್ಲನ್ನು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ಇನ್ನೂ ಇದೆ. ದೇವನಹಳ್ಳಿ ಚಕ್ಕೋತಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ.

ದೇವನಹಳ್ಳಿಯದೇ ದೊಡ್ಡ ಕಥೆ. ಟಿಪ್ಪು ಹುಟ್ಟಿದ್ದು ಇಲ್ಲಿ. 1791ರಲ್ಲಿ ಕಾರ್ನ್‌ವಾಲಿಸ್ ಸೇನೆ ಇಲ್ಲಿನ ಕೋಟೆ ಹಿಡಿಯಿತು. 2008ರಲ್ಲಿ ವಿಮಾನ ನಿಲ್ದಾಣ ಬಂದಮೇಲೆ ಜಗಳವೆಲ್ಲ ಹೊಲಗಳ ಮೇಲೆ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ವರ್ಷಗಟ್ಟಲೆ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

ಅದೇ ತಿಂಗಳು ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಗ್ರಾಮಾಂತರ ಅನ್ನೋದಕ್ಕಿಂತ ಇದು ವಾಸಿ, ದಿಕ್ಕಾದರೂ ಗೊತ್ತಾಗುತ್ತದೆ. ಆದರೆ ನಗರ ಜಿಲ್ಲೆಯಲ್ಲಿ ಬೆಂಗಳೂರು ಉತ್ತರ ತಾಲೂಕು ಮೊದಲೇ ಇದೆ, ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ. ಸದ್ಯಕ್ಕೆ ಯಾರಾದರೂ ಊರು ಕೇಳಿದರೆ ಸುಮ್ನೆ ತಾಲೂಕಿನ ಹೆಸರು ಹೇಳಿಬಿಡಿ.