ಡೆನಿಸ್ ಲಾ ಹೊಡೆದ ಆ ಗೋಲೇ ಯುನೈಟೆಡ್ ತಂಡವನ್ನು ಕೆಳಗಿಳಿಸಿತೇ?

ಪ್ರಶ್ನೆ: ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಡೆನಿಸ್ ಲಾ ಮ್ಯಾಂಚೆಸ್ಟರ್ ಸಿಟಿ ಪರ ಹಿಮ್ಮಡಿಯಿಂದ ಹೊಡೆದ ಗೋಲಿನಿಂದಲೇ ಅವರ ಹಳೇ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಇಂಗ್ಲೆಂಡ್ ಲೀಗ್‌ನ ಮೇಲಿನ ದರ್ಜೆಯಿಂದ ಎರಡನೇ ಡಿವಿಷನ್‌ಗೆ ಇಳಿಯಿತಂತೆ. ನಿಜವೇ?

ಉತ್ತರ: ಇಲ್ಲ. ಗೋಲು ಹೊಡೆದಿದ್ದು ನಿಜ. ಯುನೈಟೆಡ್ ಅದೇ ದಿನ ಕೆಳಗಿಳಿದಿದ್ದೂ ನಿಜ. ಆದರೆ ಆ ಗೋಲು ಬೀಳದಿದ್ದರೂ ಯುನೈಟೆಡ್ ಉಳಿಯುತ್ತಿರಲಿಲ್ಲ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಅವತ್ತು 1974ರ ಏಪ್ರಿಲ್ 27. ಯುನೈಟೆಡ್ ಹತ್ತಿರ ಇದ್ದಿದ್ದು 32 ಅಂಕ, ಬಾಕಿ ಇದ್ದಿದ್ದು ಎರಡು ಪಂದ್ಯ. ಆಗೆಲ್ಲ ಗೆದ್ದರೆ ಸಿಗುತ್ತಿದ್ದಿದ್ದು ಎರಡೇ ಅಂಕ, ಈಗಿನ ಹಾಗೆ ಮೂರಲ್ಲ. ಎರಡೂ ಪಂದ್ಯ ಗೆದ್ದರೂ 36ರ ಮೇಲೆ ಹೋಗುವಂತಿರಲಿಲ್ಲ. ಅದೇ ಹೊತ್ತಿಗೆ ಬರ್ಮಿಂಗ್‌ಹ್ಯಾಮ್ ಸಿಟಿ ನಾರ್ವಿಚ್ ತಂಡವನ್ನು 2-1ರಿಂದ ಸೋಲಿಸಿ 37 ಮುಟ್ಟಿತು. ಅಲ್ಲಿಗೆ ಯುನೈಟೆಡ್ ಕಥೆ ಮುಗಿಯಿತು. ಆ ವರ್ಷ ಮೊದಲ ಸಲ ಪಟ್ಟಿಯ ಕೊನೆಯ ಮೂರು ತಂಡಗಳು ಕೆಳಗಿಳಿಯಬೇಕಿತ್ತು. 36 ಅಂಕ ಇದ್ದ ಸೌತಾಂಪ್ಟನ್ ಕೂಡ ಇಳಿಯಿತು ಅಂದಮೇಲೆ ಇನ್ನೇನು ಹೇಳುವುದು?

ಹಾಗಾದರೆ ಈ ಮಾತು ಇಷ್ಟು ವರ್ಷ ಉಳಿದಿದ್ದು ಯಾಕೆ? ಲಾ ಅವರ ಮುಖದಿಂದ ಅಂತ ನನಗನ್ನಿಸುತ್ತದೆ. ಯುನೈಟೆಡ್‌ನ ಸ್ವಂತ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ 81ನೇ ನಿಮಿಷ. ಫ್ರಾನ್ಸಿಸ್ ಲೀ ಕಡೆಯಿಂದ ಚೆಂಡು ಬಂತು. ಗೋಲಿಗೆ ಬೆನ್ನು ಹಾಕಿ ನಿಂತಿದ್ದ ಲಾ ಹಿಮ್ಮಡಿಯಿಂದ ಸುಮ್ನೆ ತಟ್ಟಿದರು. ಗೋಲ್‌ಕೀಪರ್ ಅಲೆಕ್ಸ್ ಸ್ಟೆಪ್ನಿಯನ್ನು ದಾಟಿ ಚೆಂಡು ಒಳಗೆ ಹೋಯಿತು. ಜೊತೆಯವರು ಓಡಿ ಬಂದು ತಬ್ಬಿಕೊಂಡರೂ ಲಾ ಕೈ ಎತ್ತಲಿಲ್ಲ, ನಗಲಿಲ್ಲ. ತಲೆ ತಗ್ಗಿಸಿ ನಡೆದರು. ಕೂಡಲೇ ಅವರನ್ನು ಹೊರಗೆ ಕರೆಸಿಕೊಂಡರು. ಜನ ಮೈದಾನಕ್ಕೆ ನುಗ್ಗಿದರು, ಕೊನೆಯ ಕೆಲವು ನಿಮಿಷ ಆಟ ನಡೆಯಲೇ ಇಲ್ಲ. ಲೀಗ್ ಮಾತ್ರ 1-0 ಫಲಿತಾಂಶವನ್ನು ಹಾಗೇ ಉಳಿಸಿತು.

ಆ ಮುಖದ ಹಿಂದೆ ಹನ್ನೊಂದು ವರ್ಷ ಇತ್ತು. 1962ರಲ್ಲಿ ಯುನೈಟೆಡ್ ಅವರನ್ನು ಇಟಲಿಯ ಟೊರಿನೊ ತಂಡದಿಂದ 1,15,000 ಪೌಂಡ್ ಕೊಟ್ಟು ತಂದಿತ್ತು. ಬ್ರಿಟನ್ನಿನಲ್ಲಿ ಆಗ ಅದೇ ದಾಖಲೆ. 404 ಪಂದ್ಯ, 237 ಗೋಲು, ಎರಡು ಲೀಗ್ ಪ್ರಶಸ್ತಿ. 1964ರಲ್ಲಿ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಕೂಡ ಬಂತು. ಅದನ್ನು ಗೆದ್ದ ಸ್ಕಾಟ್ಲೆಂಡಿನ ಆಟಗಾರ ಇವತ್ತಿಗೂ ಅವರೊಬ್ಬರೇ. ಓಲ್ಡ್ ಟ್ರಾಫರ್ಡ್ ಜನ ಅವರನ್ನು ಕರೆಯುತ್ತಿದ್ದಿದ್ದೇ 'ರಾಜ' ಅಂತ. 1968ರಲ್ಲಿ ಯುನೈಟೆಡ್ ಯುರೋಪಿಯನ್ ಕಪ್ ಗೆದ್ದಾಗ ಮಂಡಿ ನೋವಿನಿಂದ ಆಸ್ಪತ್ರೆಯಲ್ಲಿದ್ದರು, ಪಾಪ. 1973ರಲ್ಲಿ ತಂಡ ಒಂದು ಪೌಂಡೂ ಕೇಳದೆ ಅವರನ್ನು ಬಿಟ್ಟುಕೊಟ್ಟಿತು. ಹಾಗೆ ಹೋಗಿ ಸೇರಿದ್ದು ಸಿಟಿಯನ್ನು. ಅಂಥವರಿಗೆ ಆ ಗೋಲು ಹೇಗೆ ಖುಷಿ ಕೊಟ್ಟೀತು, ಹೇಳಿ.

ಇಲ್ಲಿ ಇನ್ನೊಂದು ಪಂದ್ಯ ಹೇಳಲೇಬೇಕು. ಸಿಟಿಯಲ್ಲಿ ಅದು ಅವರ ಎರಡನೇ ಸರದಿ. ಮೊದಲ ಸರದಿಯಲ್ಲಿ, 1961ರ ಜನವರಿಯಲ್ಲಿ, ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್‌ನಲ್ಲಿ ಲೂಟನ್ ವಿರುದ್ಧ ಸಿಟಿ 6-2ರಿಂದ ಮುಂದಿತ್ತು. ಆರೂ ಗೋಲು ಲಾ ಅವರದ್ದೇ! ಮಳೆಗೆ ಮೈದಾನ ಕೆಸರಾಗಿ 69ನೇ ನಿಮಿಷಕ್ಕೆ ರೆಫರಿ ಆಟ ನಿಲ್ಲಿಸಿದರು. ಆರು ಗೋಲೂ ಲೆಕ್ಕದಿಂದ ಹೋದವು. ಮತ್ತೆ ಆಡಿದಾಗ ಲೂಟನ್ 3-1ರಿಂದ ಗೆದ್ದಿತು. ಸಿಟಿಯ ಆ ಒಂದು ಗೋಲೂ ಲಾ ಹೊಡೆದಿದ್ದೇ. ಅವತ್ತು ಪಂದ್ಯ ಅರ್ಧಕ್ಕೆ ನಿಂತು ಆರು ಗೋಲು ಅಳಿಸಿಹೋದವು. 1974ರಲ್ಲೂ ಪಂದ್ಯ ಅರ್ಧಕ್ಕೇ ನಿಂತಿತು, ಆದರೆ ಅವರಿಗೆ ಬೇಡವಾಗಿದ್ದ ಗೋಲು ಉಳಿದುಕೊಂಡಿತು.

ಇದೊಂದೇ ಗೋಲಿನಿಂದ ಅವರನ್ನು ನೆನೆಯುವುದು ನನಗೆ ಬೇಜಾರಿನ ವಿಷಯ. ಅಬರ್ಡೀನ್‌ನಲ್ಲಿ ಮೀನು ಹಿಡಿಯುವ ದೋಣಿಯಲ್ಲಿ ದುಡಿಯುತ್ತಿದ್ದವರ ಮಗ, ಏಳು ಮಕ್ಕಳಲ್ಲಿ ಕೊನೆಯವರು. ಚಿಕ್ಕಂದಿನಲ್ಲಿ ಮೆಳ್ಳೆಗಣ್ಣು ಇತ್ತು, ದಪ್ಪ ಕನ್ನಡಕ ಬೇರೆ. ಅಂಥ ಸಣಕಲು ಹುಡುಗ 16ನೇ ವಯಸ್ಸಿಗೇ ಹಡರ್ಸ್‌ಫೀಲ್ಡ್ ಟೌನ್ ಪರ ಲೀಗ್ ಆಡಿದ. ಮುಂದೆ ಸ್ಕಾಟ್ಲೆಂಡ್ ಪರ 55 ಪಂದ್ಯಗಳಲ್ಲಿ 30 ಗೋಲು ಹೊಡೆದ. ಅಷ್ಟೇ ಗೋಲಿಗೆ ಸ್ಕಾಟ್ಲೆಂಡಿನ ಇನ್ನೊಬ್ಬ ಆಟಗಾರ ಕೆನ್ನಿ ಡಾಲ್‌ಗ್ಲಿಷ್ ಅವರಿಗೆ 102 ಪಂದ್ಯ ಬೇಕಾದವು.

ಆ ಹಿಮ್ಮಡಿ ಗೋಲಿನ ಪಂದ್ಯವೇ ಲಾ ಅವರ ಕೊನೆಯ ಲೀಗ್ ಪಂದ್ಯ. ಆದರೆ ಕೊನೆಯ ದೊಡ್ಡ ಪಂದ್ಯ ಅದಲ್ಲ. ಏಳು ವಾರ ಕಳೆದು, ಜೂನ್ 14ರಂದು, ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಜೈರ್ (ಈಗಿನ ಕಾಂಗೊ) ವಿರುದ್ಧ ವಿಶ್ವಕಪ್ ಪಂದ್ಯಕ್ಕೆ ಇಳಿದರು. ಆಗ ಅವರಿಗೆ 34 ವರ್ಷ. ಸ್ಕಾಟ್ಲೆಂಡ್ 2-0ರಿಂದ ಗೆದ್ದಿತು. ಲಾ ಜೀವನದಲ್ಲಿ ಆಡಿದ ವಿಶ್ವಕಪ್ ಪಂದ್ಯ ಅದೊಂದೇ.